ಹಳೇ ಸ್ವಿಚ್‌ನಿಂದ ಐಪಿಗೆ: ಒಂದೇ ರಾತ್ರಿ ಎತ್ತಿಬಿಡುವುದೋ, ನಿಧಾನಕ್ಕೆ ಸರಿಸುವುದೋ?

ಸ್ವಿಚ್‌ರೂಮ್
ಎಲ್ಲರಿಗೂ ನಮಸ್ಕಾರ. ನಮ್ಮದು ಲ್ಯಾಂಡ್‌ಲೈನ್ ಕೊಡುವ ಮಧ್ಯಮ ಗಾತ್ರದ ಕಂಪನಿ. ಏಳು ಎಕ್ಸ್‌ಚೇಂಜ್, ಏಳರಲ್ಲೂ ಹಳೇ ಟಿಡಿಎಂ ಸ್ವಿಚ್, ಅಂದರೆ ಒಂದೊಂದು ಕರೆಗೂ ಒಂದೊಂದು ಸಮಯದ ಸ್ಲಾಟ್ ಕಾಯ್ದಿರಿಸುವ ಯಂತ್ರ. ಕಾರ್ಡ್ ಸುಟ್ಟರೆ ಹೊಸದು ಸಿಗುವುದಿಲ್ಲ. ಹಿಂದೆ ಮುಚ್ಚಿದ ಎಂಟನೇ ಎಕ್ಸ್‌ಚೇಂಜಿನ ರ‍್ಯಾಕ್‌ನಿಂದ ಕಾರ್ಡ್ ಕಿತ್ತು ತಂದು ದಿನ ದೂಡುತ್ತಿದ್ದೇವೆ. ಆ ರ‍್ಯಾಕ್ ಈಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಇಡೀ ವಾಯ್ಸ್ ನೆಟ್‌ವರ್ಕ್ ಐಪಿಗೆ ಹೋಗಬೇಕು, ಅಂದರೆ ಮಾತು ಇಂಟರ್ನೆಟ್ಟಿನ ಹಾಗೆ ಪ್ಯಾಕೆಟ್‌ಗಳಲ್ಲಿ ಸಾಗಬೇಕು ಎಂದು ಮೇಲಿನವರು ತೀರ್ಮಾನ ಮಾಡಿದ್ದಾರೆ. ನಡುವೆ ಐಎಂಎಸ್ (ಕರೆ ಜೋಡಿಸುವ ಸರ್ವರ್‌ಗಳು), ಅಂಚಿನಲ್ಲಿ ಎಸ್‌ಬಿಸಿ (ಗಡಿ ಕಾಯುವ ಡಬ್ಬಿ), ಗ್ರಾಹಕನ ತನಕ ಸಿಪ್ (ಐಪಿಯಲ್ಲಿ ಕರೆ ಜೋಡಿಸುವ ಭಾಷೆ). ಹೇಗೆ ಹೋಗುವುದು ಎಂಬುದರಲ್ಲಿ ನಮ್ಮಲ್ಲೇ ಎರಡು ಪಂಗಡ. ‘ಒಂದೊಂದು ಎಕ್ಸ್‌ಚೇಂಜನ್ನು ಒಂದೊಂದು ರಾತ್ರಿ ಪೂರ್ತಿ ಎತ್ತಿಬಿಡೋಣ’ ಎನ್ನುವವರು ಒಂದು ಕಡೆ. ‘ಮೊದಲು ಟ್ರಂಕ್ (ಎಕ್ಸ್‌ಚೇಂಜ್‌ಗಳ ನಡುವಿನ ಲೈನ್), ಆಮೇಲೆ ಗ್ರಾಹಕರು, ಅಲ್ಲಿವರೆಗೆ ಹಳೆಯದೂ ಹೊಸದೂ ಜೊತೆಗೆ ಓಡಲಿ’ ಎನ್ನುವವರು ಇನ್ನೊಂದು ಕಡೆ. ನಾನು ಎರಡೂ ಮೀಟಿಂಗ್‌ನಲ್ಲಿ ತಲೆಯಾಡಿಸಿ ಬಂದಿದ್ದೇನೆ.

ಮಾಡಿ ಕೈ ಸುಟ್ಟುಕೊಂಡವರು ಹೇಳಿ. ಮಾರುವವರ ಸ್ಲೈಡ್‌ಗಳು ನನ್ನ ಹತ್ತಿರ ಬೇಕಾದಷ್ಟಿವೆ, ಅವು ಬೇಡ.

ರಾತ್ರಿಪಾಳಿ
ಎರಡನೇ ಪಂಗಡದ ಜೊತೆ ನಿಲ್ಲಿ. ಮೇಲಿನಿಂದ ಕೆಳಗೆ ಬನ್ನಿ. ಮೊದಲು ಟ್ರಾನ್ಸಿಟ್, ಅಂದರೆ ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಕರೆ ದಾಟಿಸುವ ಕ್ಲಾಸ್ 4. ಎಕ್ಸ್‌ಚೇಂಜ್‌ಗಳ ನಡುವಿನ ಇ1 ಡಿಜಿಟಲ್ ಲೈನ್‌ಗಳನ್ನೆಲ್ಲ ಮೀಡಿಯಾ ಗೇಟ್‌ವೇಗೆ ತಂದು ಕಟ್ಟಿ. ಅದರ ಒಂದು ಕಡೆ ಇ1, ಇನ್ನೊಂದು ಕಡೆ ಐಪಿ. ಹಳೇ ಸ್ವಿಚ್‌ಗಳು ಕರೆ ಜೋಡಿಸಲು ಆಡುವ ಭಾಷೆ ಎಸ್‌ಎಸ್7. ಆ ಸಿಗ್ನಲಿಂಗನ್ನು ಸಿಗ್‌ಟ್ರಾನ್ ಮೇಲೆ, ಅಂದರೆ ಐಪಿ ದಾರಿಯಲ್ಲಿ, ಸಾಫ್ಟ್‌ಸ್ವಿಚ್‌ಗೆ (ಕರೆ ಜೋಡಿಸುವ ಸಾಫ್ಟ್‌ವೇರ್) ಒಯ್ಯಿರಿ. ಗ್ರಾಹಕನಿಗೆ ಏನೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ನಿಮ್ಮ ಹುಡುಗರ ಕೈ ಪಳಗಿರುತ್ತದೆ.

ಕೆಟ್ಟರೆ ರೂಟಿಂಗ್ ಟೇಬಲ್‌ನಲ್ಲಿ ಒಂದು ಸಾಲು ಬದಲಾಯಿಸಿ ಹಳೇ ದಾರಿಗೆ ಮರಳಬಹುದು. ಗ್ರಾಹಕರ ಲೈನ್ ಎತ್ತಿದ ಮೇಲೆ ಮರಳುವುದು ಅಷ್ಟು ಸುಲಭವಲ್ಲ. ಊರಿನ ತಂತಿಗಳೆಲ್ಲ ಬಂದು ಸೇರುವ ಎಂಡಿಎಫ್ ಚೌಕಟ್ಟಿನ ಮುಂದೆ ನಿಂತು ಸಾವಿರಾರು ಜಂಪರ್ ತಂತಿಯನ್ನು ಬೆಳಗಾಗುವುದರೊಳಗೆ ವಾಪಸ್ ಹಾಕುವವರು ಯಾರು?

ಕುತೂಹಲಿ
ನಾನು ಈ ಕ್ಷೇತ್ರದವನಲ್ಲ, ಬೈಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಜಗತ್ತೇ ಮಾತಾಡುತ್ತಿದೆ. ಇಷ್ಟು ದೊಡ್ಡ ಕಂಪನಿಗಳಿಗೆ ಇದು ಯಾಕೆ ಇಷ್ಟು ಕಷ್ಟ?

ರಾತ್ರಿಪಾಳಿ
ಆ್ಯಪ್ ಕರೆ ಕಟ್ಟಾದರೆ ‘ನೆಟ್ ಸರಿಯಿಲ್ಲ’ ಎಂದು ಮತ್ತೆ ಮಾಡುತ್ತೀರಿ. ಆಂಬುಲೆನ್ಸ್‌ಗೆ ಮಾಡಿದ ಕರೆ ಕಟ್ಟಾದರೆ ವಿವರಣೆ ಕೊಡಬೇಕಾದವರು ನಾವು.

ಹಳೇತಂತಿ
ಕುತೂಹಲಿ ಅವರೇ, ಕೇಳಿದ್ದು ಸರಿಯಾಗಿಯೇ ಇದೆ. ಮಾತನ್ನು ಸಾಗಿಸುವುದು ಕಷ್ಟವೇ ಅಲ್ಲ. ತೊಂದರೆ ಏನೆಂದರೆ, ಆ ಎರಡೆಳೆ ತಾಮ್ರ ಮಾತನ್ನಷ್ಟೇ ಸಾಗಿಸುತ್ತಿರಲಿಲ್ಲ. ಮನೆಯ ಫೋನಿಗೆ ಕರೆಂಟ್ ಕೊಡುತ್ತಿದ್ದದ್ದೂ ಅದೇ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಮೈನಸ್ 48 ವೋಲ್ಟ್ ನೇರ ಫೋನಿಗೆ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ಯಾಟರಿ ರೂಮೇ ನನ್ನ ಜಾಗ. ಎರಡು ವೋಲ್ಟಿನ 24 ಸೆಲ್‌ಗಳು ಸಾಲಾಗಿ ನಿಂತಿರುತ್ತಿದ್ದವು. ವಾರಕ್ಕೊಮ್ಮೆ ಹೈಡ್ರೋಮೀಟರ್ ಅದ್ದಿ ಒಂದೊಂದರ ಆಸಿಡ್ ಅಳತೆ ಪುಸ್ತಕದಲ್ಲಿ ಬರೆಯಬೇಕು. ಅಂಗಿಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತಿದ್ದವು. ಊರೆಲ್ಲ ಕತ್ತಲಾದರೂ ಡಯಲ್ ಟೋನ್ ಬರುತ್ತಿದ್ದದ್ದು ಆ ತೂತುಗಳ ಪುಣ್ಯದಿಂದ.

ಫೈಬರ್ ಕರೆಂಟ್ ಒಯ್ಯುವುದಿಲ್ಲ. ಮನೆಯ ಡಬ್ಬಿಗೆ ಮನೆಯದೇ ಕರೆಂಟ್ ಬೇಕು. ಬ್ರಿಟನ್‌ನಲ್ಲಿ ಹಳೇ ಜಾಲ ಮುಚ್ಚಲು ಡಿಸೆಂಬರ್ 2025 ಎಂದು ಗಡುವು ಇಟ್ಟಿದ್ದರು. ಅದನ್ನು ಜನವರಿ 2027ಕ್ಕೆ ದೂಡಿದರು. ಮುಖ್ಯ ಕಾರಣ ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಗಳು. ಅವು ಲ್ಯಾಂಡ್‌ಲೈನ್ ನಂಬಿಕೊಂಡಿದ್ದವು.

ಫೈಬರ್‌ಪ್ರಿಯ
ಮತ್ತೆ ಅದೇ ಬ್ಯಾಟರಿ ಪುರಾಣ. ಈಗ ಎಷ್ಟು ಮನೆಯಲ್ಲಿ ತಂತಿಯ ಫೋನ್ ಇದೆ ಹೇಳಿ. ಎಲ್ಲರದೂ ಕಾರ್ಡ್‌ಲೆಸ್. ಅದರ ಬೇಸ್‌ಗೂ ಗೋಡೆಯ ಪ್ಲಗ್ಗೇ ಬೇಕು. ಕರೆಂಟ್ ಹೋದರೆ ಅದೂ ಸತ್ತಂತೆ. ಕೈಯಲ್ಲಿ ಮೊಬೈಲ್ ಇದೆ, ಮುಗಿಯಿತು. ಸುಮ್ನೆ ಹೆದರಿಸಿ ಹತ್ತು ವರ್ಷ ಎಳೆಯುವ ಬದಲು ತಾಮ್ರ ಕಿತ್ತುಹಾಕಿ. ಒಂದು ಕರೆಗೆ ಬೇಕಾಗಿರುವುದು 64 ಕಿಲೋಬಿಟ್. ಇವತ್ತಿನ ಫೈಬರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಹಳೇತಂತಿ
ಮೊಬೈಲ್ ಟವರ್‌ಗೂ ಬ್ಯಾಟರಿಯೇ ಸ್ವಾಮಿ. ಅದೂ ಕೆಲವೇ ಗಂಟೆ.

ಪ್ಯಾಕೆಟ್‌ಮನೆ
64 ಅಲ್ಲ. ಮಾತನ್ನು ಅಂಕಿ ಮಾಡುವ ಜಿ.711 ಕೋಡೆಕ್ 64, ನಿಜ. ಸೆಕೆಂಡಿಗೆ 8000 ಸ್ಯಾಂಪಲ್, ಒಂದೊಂದು 8 ಬಿಟ್. ಆದರೆ ಅದನ್ನು 20 ಮಿಲಿಸೆಕೆಂಡಿನ ತುಂಡು ಮಾಡಿದರೆ ಒಂದು ಪ್ಯಾಕೆಟ್‌ಗೆ 160 ಬೈಟ್ ಮಾತು. ಅದರ ತಲೆ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ಸೇರಿ 40 ಬೈಟ್ ವಿಳಾಸ. ಸೆಕೆಂಡಿಗೆ 50 ಪ್ಯಾಕೆಟ್. ಅಲ್ಲಿಗೆ 80 ಕಿಲೋಬಿಟ್. ಈಥರ್ನೆಟ್ ಹೊದಿಕೆ ಸೇರಿಸಿದರೆ 87.2. ಅದೂ ಒಂದು ದಿಕ್ಕಿಗೆ.

ಉಳಿತಾಯ ಮಾಡುತ್ತೇವೆ ಎಂದು ಮಾತನ್ನು ಇನ್ನಷ್ಟು ಒತ್ತಿ ಚಿಕ್ಕದು ಮಾಡುವ ಜಿ.729 ಕೋಡೆಕ್ ಹಾಕುವವರಿಗೆ: ಅಲ್ಲಿ ಮಾತು 20 ಬೈಟ್, ವಿಳಾಸ ಅದೇ 40 ಬೈಟ್. ಮೂಗಿಗಿಂತ ಮೂಗುತಿ ಭಾರ.

ಫೈಬರ್‌ಪ್ರಿಯ
ಸರಿ, 87. ಆದರೂ ಲೆಕ್ಕಕ್ಕಿಲ್ಲ :)

ಮೂವತ್ತೊಂದನೇಕರೆ
ಲೆಕ್ಕಕ್ಕಿದೆ. ನನ್ನ ಹೆಸರು ನೋಡಿ.

ಇ1 ರಲ್ಲಿ 32 ಸ್ಲಾಟ್, ಮಾತಿಗೆ 30. ಮೂವತ್ತೊಂದನೆಯವನು ಬಂದರೆ ಅವನಿಗೆ ಎಂಗೇಜ್ ಟೋನ್. ಮೊದಲ ಮೂವತ್ತು ಜನಕ್ಕೆ ಒಂದು ಕೂದಲೂ ಕೊಂಕುವುದಿಲ್ಲ. ಐಪಿಯಲ್ಲಿ ಮೂವತ್ತಕ್ಕೆ ಸಾಕಾಗುವ ಪೈಪಿಗೆ ಮೂವತ್ತೊಂದನೆಯವನನ್ನೂ ಬಿಟ್ಟುಕೊಂಡರೆ ಮೂವತ್ತೊಂದು ಜನಕ್ಕೂ ಮಾತು ಕರಕರ ಎನ್ನುತ್ತದೆ. ಹಳೇ ಜಾಲದಲ್ಲಿ ಮಿತಿ ತಾನಾಗಿಯೇ ಇತ್ತು. ಹೊಸದರಲ್ಲಿ ಅದನ್ನು ನೀವೇ ಎಸ್‌ಬಿಸಿಯಲ್ಲಿ ಬರೆಯಬೇಕು, ಈ ಟ್ರಂಕ್‌ಗೆ ಇಷ್ಟೇ ಕರೆ ಎಂದು. ಎಷ್ಟು ಎಂಬ ಲೆಕ್ಕಕ್ಕೆ ಹೊಸ ಗಣಿತ ಬೇಕಿಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವೇ ಇವತ್ತಿಗೂ ನಡೆಯುತ್ತದೆ.

ಸ್ವಿಚ್‌ರೂಮ್
ಇದು ನಮ್ಮ ಪ್ಲಾನ್‌ನಲ್ಲಿ ಇಲ್ಲವೇ ಇಲ್ಲ. ಬರೆದುಕೊಂಡೆ. ಇನ್ನೊಂದು ಪ್ರಶ್ನೆ: ಗ್ರಾಹಕರ ಕೊನೆಯ ತುಂಡಿಗೆ ಏನು ಮಾಡುವುದು? ತಾಮ್ರ ಉಳಿಸಿಕೊಂಡು ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಎಂಎಸ್‌ಎಎನ್ (ಹಲವು ಮನೆಗಳ ತಂತಿಯನ್ನು ಐಪಿಗೆ ಸೇರಿಸುವ ಯಂತ್ರ) ಇಡುವುದೋ, ಮನೆಗೊಂದು ಎಟಿಎ (ಹಳೇ ಫೋನನ್ನು ಐಪಿಗೆ ಸೇರಿಸುವ ಡಬ್ಬಿ) ಕೊಡುವುದೋ?

ರಾತ್ರಿಪಾಳಿ
ಎಂಎಸ್‌ಎಎನ್. ಮನೆಯೊಳಗೆ ಕಾಲಿಡಬೇಕಿಲ್ಲ. ಫೋನ್ ಅದೇ, ತಂತಿ ಅದೇ, ಕರೆಂಟ್ ಪೆಟ್ಟಿಗೆಯ ಬ್ಯಾಟರಿಯಿಂದಲೇ ಹೋಗುತ್ತದೆ. ಮಾತು ಪೆಟ್ಟಿಗೆಯಲ್ಲೇ ಐಪಿ ಆಗುತ್ತದೆ.

ಫೈಬರ್‌ಪ್ರಿಯ
ಅಂದರೆ ಹಳೇ ಸೀರೆಗೆ ಹೊಸ ಅಂಚು. ತಾಮ್ರ ಕೊಳೆಯುತ್ತಿದೆ, ಕಳ್ಳರು ಕದಿಯುತ್ತಿದ್ದಾರೆ, ಮಳೆ ಬಂದರೆ ಜಾಯಿಂಟ್‌ಗೆ ನೀರು. ಇವತ್ತು ಎಂಎಸ್‌ಎಎನ್ ಹಾಕಿ ನಾಳೆ ಅದನ್ನೂ ಕಿತ್ತು ಫೈಬರ್ ಎಳೆಯುತ್ತೀರಿ. ಒಂದೇ ಕೆಲಸಕ್ಕೆ ಎರಡು ಸಲ ಖರ್ಚು.

ರಾತ್ರಿಪಾಳಿ
ಎರಡು ಸಲ ಖರ್ಚು ನಿಜ. ಆದರೆ ಒಂದೇ ಸಲಕ್ಕೆ ಸ್ವಿಚ್ಚೂ ಬದಲು, ತಂತಿಯೂ ಬದಲು, ಮನೆಯ ಡಬ್ಬಿಯೂ ಬದಲು ಎಂದರೆ ದೂರು ಬಂದಾಗ ಮೂರರಲ್ಲಿ ಯಾವುದು ಕೈಕೊಟ್ಟಿತು ಎಂದು ಹೇಗೆ ಹುಡುಕುತ್ತೀರಿ? ಬ್ರಿಟನ್ನಿನ ಬಿಟಿ ಕಂಪನಿ 2004ರಲ್ಲಿ ಇಡೀ ಜಾಲವನ್ನು ಐಪಿಗೆ ಒಯ್ಯುವ ಯೋಜನೆಯನ್ನು 21ಸಿಎನ್ ಎಂದು ದೊಡ್ಡದಾಗಿ ಘೋಷಿಸಿತು. 2006ರಲ್ಲಿ ಕಾರ್ಡಿಫ್ ಹತ್ತಿರದ ವಿಕ್ ಎಂಬ ಹಳ್ಳಿಯಿಂದ ಶುರು ಮಾಡಿತು. ಆಮೇಲೆ ಮನೆಗಳ ಧ್ವನಿ ಸೇವೆ ಬದಲಿಸುವ ಭಾಗವನ್ನು ನಡುವಲ್ಲೇ ಕೈಬಿಟ್ಟಿತು. ಅವರ ಹತ್ತಿರ ದುಡ್ಡು, ಜನ ಎರಡೂ ಇತ್ತು.

ಫೈಬರ್‌ಪ್ರಿಯ
ಮುಗಿಸಿದವರೂ ಇದ್ದಾರೆ. ಸ್ವಿಟ್ಜರ್ಲೆಂಡ್ ಮುಗಿಸಿದೆ. ಜಪಾನ್‌ನ ಎನ್‌ಟಿಟಿ 2024ರ ಜನವರಿಯಲ್ಲಿ ಶುರು ಮಾಡಿ ಒಂದು ವರ್ಷದಲ್ಲಿ ಮನೆ ಫೋನ್‌ಗಳನ್ನು ಐಪಿ ಬೆನ್ನೆಲುಬಿಗೆ ತಿರುಗಿಸಿತು. ಜಿಯೋ 2016ರಲ್ಲಿ ಶುರುವಾದಾಗ ಅದರ ಬಳಿ ಹಳೇ ಸರ್ಕ್ಯೂಟ್ ಜಾಲವೇ ಇರಲಿಲ್ಲ, ಎಲ್ಲಾ ಮಾತೂ ವೋಲ್ಟಿಯಲ್ಲೇ, ಅಂದರೆ 4ಜಿ ಮೇಲೆ ಐಪಿಯಲ್ಲೇ.

ಹಳೇತಂತಿ
ಜಿಯೋ ಖಾಲಿ ಸೈಟಿನಲ್ಲಿ ಮನೆ ಕಟ್ಟಿತು. ಸ್ವಿಚ್‌ರೂಮ್ ಅವರು ಸಂಸಾರ ಇರುವ ಮನೆಯ ತಳಪಾಯ ಬದಲಿಸುತ್ತಿದ್ದಾರೆ. ಎನ್‌ಟಿಟಿ ಉದಾಹರಣೆ ನಿಮ್ಮ ವಿರುದ್ಧವೇ ಇದೆ ನೋಡಿ: ಅವರು ಬದಲಾಯಿಸಿದ್ದು ಎಕ್ಸ್‌ಚೇಂಜ್ ಹಿಂದಿನ ಜಾಲವನ್ನು. ಮನೆಯ ತಾಮ್ರವನ್ನೂ ಫೋನನ್ನೂ ಮುಟ್ಟಲಿಲ್ಲ.

ಫೈಬರ್‌ಪ್ರಿಯ
ಆಯ್ತು, ಅದನ್ನು ಒಪ್ಪಿದೆ. ತಾಮ್ರ ಕಳ್ಳರ ಪಾಲಾಗುತ್ತಿದೆ ಎಂದದ್ದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಬಿಲ್ಲುಬಾಣ
ಬಿಲ್ಲಿಂಗ್ ವಿಭಾಗದವನು ನಾನು. ನಮ್ಮನ್ನು ಯಾರೂ ಕೇಳುವುದಿಲ್ಲ, ಕೊನೆಗೆ ಬೈಸಿಕೊಳ್ಳುವವರು ನಾವೇ. ಹಳೇ ಸ್ವಿಚ್ ಹೋಟೆಲ್‌ಗಳಿಗೆ, ಕಾಯಿನ್ ಬೂತ್‌ಗಳಿಗೆ 16 ಕಿಲೋಹರ್ಟ್ಸ್ ಮೀಟರಿಂಗ್ ಪಲ್ಸ್ ಕಳಿಸುತ್ತಿತ್ತು. ಕಿವಿಗೆ ಕೇಳದ ಸದ್ದು, ಆದರೆ ಅಲ್ಲಿನ ಮೀಟರ್ ಅದನ್ನೇ ಎಣಿಸಿ ದುಡ್ಡು ಹಾಕುತ್ತಿತ್ತು. ಎಲ್ಲಾ ಎಂಎಸ್‌ಎಎನ್ ಲೈನ್ ಕಾರ್ಡ್‌ಗಳೂ ಅದನ್ನು ಕೊಡುವುದಿಲ್ಲ. ಬದಲಾಯಿಸಿದ ಮಾರನೇ ದಿನ ಆ ಬೂತ್‌ಗಳಲ್ಲಿ ಎಲ್ಲಾ ಕರೆಯೂ ಪುಕ್ಕಟೆ. ದೂರು ಕೊಡಲು ಯಾರು ಬರುತ್ತಾರೆ ಹೇಳಿ? ನಾವು ತಿಂಗಳ ಕೊನೆಯಲ್ಲಿ ಕಂಡುಕೊಂಡೆವು.

ಕುತೂಹಲಿ
ಹ್ಹಹ್ಹ, ಆ ಬೂತ್ ಎಲ್ಲಿತ್ತು ಅಂತ ಮೊದಲೇ ಹೇಳಬಾರದಾಗಿತ್ತಾ.

ಫ್ಯಾಕ್ಸ್‌ಬಂಧು
ಫ್ಯಾಕ್ಸ್ ಮರೆಯಬೇಡಿ.

ಫೈಬರ್‌ಪ್ರಿಯ
ಫ್ಯಾಕ್ಸ್ ಮರೆಯೋಣ.

ಫ್ಯಾಕ್ಸ್‌ಬಂಧು
ಆಸ್ಪತ್ರೆ, ಕೋರ್ಟು, ಔಷಧ ಅಂಗಡಿ, ಇವರೆಲ್ಲ ಮರೆತ ಮೇಲೆ ನಾನೂ ಮರೆಯುತ್ತೇನೆ. ವಿಷಯ ಇಷ್ಟು. ಮಾತಿನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಕಿವಿ ಗಮನಿಸುವುದಿಲ್ಲ, ಮಿದುಳು ತುಂಬಿಕೊಳ್ಳುತ್ತದೆ. ಫ್ಯಾಕ್ಸ್ ಒಳಗಿರುವುದು ಮೋಡೆಮ್, ಅದಕ್ಕೆ ಮಿದುಳಿಲ್ಲ. 20 ಮಿಲಿಸೆಕೆಂಡ್ ಕಾಣೆಯಾದರೆ ಅದು ಮತ್ತೆ ಮೊದಲಿನಿಂದ ಕೈಕುಲುಕಲು ಹೊರಡುತ್ತದೆ.

ಇನ್ನೊಂದು ಸೂಕ್ಷ್ಮ ಗಡಿಯಾರದ್ದು. ಟಿಡಿಎಂ ಜಾಲದಲ್ಲಿ ಎಲ್ಲಾ ಸ್ವಿಚ್‌ಗಳೂ ಒಂದೇ ಮೂಲದ ಗಡಿಯಾರಕ್ಕೆ ಹೆಜ್ಜೆ ಹಾಕುತ್ತವೆ. ಐಪಿಯಲ್ಲಿ ಈ ತುದಿಯ ಡಬ್ಬಿಯ ಗಡಿಯಾರ ಬೇರೆ, ಆ ತುದಿಯದು ಬೇರೆ. ಒಂದು ಸ್ವಲ್ಪ ಮುಂದೆ ಓಡಿದರೂ ಬಂದ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಿಟರ್ ಬಫರ್ ನಿಧಾನಕ್ಕೆ ತುಂಬುತ್ತದೆ ಅಥವಾ ಬರಿದಾಗುತ್ತದೆ, ಆಮೇಲೆ ಒಂದು ತುಂಡು ಎಸೆಯುತ್ತದೆ. ಒಂದು ಪುಟದ ಫ್ಯಾಕ್ಸ್ ಹೋಗುತ್ತದೆ, ಇಪ್ಪತ್ತು ಪುಟದ್ದು ಹದಿಮೂರನೇ ಪುಟದಲ್ಲಿ ಸಾಯುತ್ತದೆ. ‘ಫ್ಯಾಕ್ಸ್ ಪರೀಕ್ಷೆ ಪಾಸ್’ ಎಂದು ಒಂದೇ ಪುಟ ಕಳಿಸಿ ಬರೆಯುವವರನ್ನು ನಂಬಬೇಡಿ. ಐಪಿಯಲ್ಲಿ ಫ್ಯಾಕ್ಸ್ ಕಳಿಸಲೆಂದೇ ಇರುವ ಟಿ.38 ಹಾಕಿ, ಎರಡೂ ಕಡೆ ಉದ್ದದ್ದನ್ನು ಕಳಿಸಿ ನೋಡಿ. ಕಳ್ಳರ ಅಲಾರಂ ಡಬ್ಬಿಗಳದ್ದೂ ಇದೇ ಕಥೆ, ಅವೂ ಒಳಗೆ ಮೋಡೆಮ್ಮೇ.

ಒಂದೇಕಡೆ
ನನ್ನ ಹೆಸರೇ ನನ್ನ ಕಥೆ. ‘ಅವರ ಮಾತು ಕೇಳುತ್ತದೆ, ನನ್ನದು ಅವರಿಗೆ ಕೇಳುವುದಿಲ್ಲ’ ಎಂಬ ದೂರು ಬಂದರೆ ಮೊದಲು ಮನೆಯ ರೌಟರ್‌ನಲ್ಲಿ ಸಿಪ್ ಎಎಲ್‌ಜಿ (ಸಿಪ್ ಸಂದೇಶದೊಳಗಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿ. ಆಮೇಲೆ ಉಳಿದ ಮಾತು. ಸಹಾಯ ಮಾಡುತ್ತೇನೆ ಎಂದು ಬಂದು ಕೆಡಿಸುವ ನೆಂಟರ ಜಾತಿ ಅದು.

ಈಗ ಒಂದು ಕೇಸು ಹೇಳುತ್ತೇನೆ, ಸ್ವಿಚ್‌ರೂಮ್ ಅವರಿಗೆ ಉಪಯೋಗ ಆಗಬಹುದು. ಬದಲಾವಣೆ ಆಗಿ ಎರಡು ವಾರ. ಒಬ್ಬ ವಕೀಲರ ಆಫೀಸಿನಿಂದ ದೂರು: ‘ಕೆಲವು ಸಲ ಕರೆ ಬರುವುದಿಲ್ಲ.’ ಯಾವ ಸಲ? ಗೊತ್ತಿಲ್ಲ. ನಾವು ಕರೆ ಮಾಡಿದರೆ ಸರಿಯಾಗಿ ಹೋಗುತ್ತದೆ. ದೂರು ಮುಚ್ಚುತ್ತೇವೆ, ಮತ್ತೆ ತೆರೆಯುತ್ತಾರೆ. ಮೂರನೇ ಸಲ ನಾನೇ ಹೋಗಿ ಕೂತೆ. ಸಂಜೆ ಆರಕ್ಕೆ ಗುಮಾಸ್ತರು ಆಫೀಸ್ ಫೋನನ್ನು ತಮ್ಮ ಮನೆ ಲೈನಿಗೆ ಫಾರ್ವರ್ಡ್ ಮಾಡಿ ಹೊರಡುತ್ತಾರೆ. ಮನೆ ಲೈನ್ ಮೊಬೈಲ್‌ಗೆ ಫಾರ್ವರ್ಡ್ ಆಗಿದೆ. ಆ ಹೊತ್ತಿನಲ್ಲಿ ಯಾರೇ ಮಾಡಿದರೂ ಮೌನ, ಸರಿಯಾಗಿ 32 ಸೆಕೆಂಡ್ ಆದ ಮೇಲೆ ಕಟ್.

ಆ 32 ನೋಡಿದ ಕೂಡಲೇ ಅರ್ಧ ಗೊತ್ತಾಯಿತು. ಸಿಪ್‌ನಲ್ಲಿ ಕರೆ ಶುರುಮಾಡುವ ಸಂದೇಶ ಇನ್ವೈಟ್. ಅದಕ್ಕೆ ಉತ್ತರವೇ ಬರದಿದ್ದರೆ ಕಾಯುವ ಸಮಯ ಅದು. ಓಡಾಡುವ ಪ್ಯಾಕೆಟ್‌ಗಳ ಕ್ಯಾಪ್ಚರ್ ತೆಗೆದೆ. ನಮ್ಮ ಸರ್ವರ್ ಒಂದೇ ಇನ್ವೈಟನ್ನು ಏಳು ಸಲ ಕಳಿಸಿದೆ: ಅರ್ಧ ಸೆಕೆಂಡ್ ಬಿಟ್ಟು, ಒಂದು ಬಿಟ್ಟು, ಎರಡು, ನಾಲ್ಕು, ಹೀಗೆ. ಆ ಕಡೆಯಿಂದ ಒಂದು ‘100 ಟ್ರೈಯಿಂಗ್’, ಅಂದರೆ ‘ಬಂತು, ನೋಡುತ್ತಿದ್ದೇನೆ’ ಎಂಬ ಉತ್ತರ ಕೂಡ ಇಲ್ಲ. ಎರಡು ಸಲ ಫಾರ್ವರ್ಡ್ ಆಗುತ್ತಾ ಆಗುತ್ತಾ ಹೆಡರ್‌ಗಳು ಸೇರಿಕೊಂಡು ಇನ್ವೈಟ್ 1600 ಬೈಟ್ ದಾಟಿತ್ತು. ಈಥರ್ನೆಟ್‌ನಲ್ಲಿ ಹಿಡಿಸುವುದು 1500. ಪ್ಯಾಕೆಟ್ ಎರಡು ತುಂಡಾಯಿತು. ಎರಡನೇ ತುಂಡಿನಲ್ಲಿ ಪೋರ್ಟ್ ನಂಬರ್ ಇರುವುದಿಲ್ಲ. ನಡುವಿನ ಫೈರ್‌ವಾಲ್ ‘ನೀನ್ಯಾರು’ ಎಂದು ಅದನ್ನು ಬಿಸಾಡುತ್ತಿತ್ತು. ಮೊದಲ ತುಂಡು ಆ ಕಡೆ ಹೋಗಿ ಎರಡನೆಯದಕ್ಕೆ ಕಾದು ಸಾಯುತ್ತಿತ್ತು.

ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಆ ಟ್ರಂಕನ್ನು ಯುಡಿಪಿಯಿಂದ ಟಿಸಿಪಿಗೆ ಹಾಕಿದೆವು, ಅದು ದೊಡ್ಡ ಸಂದೇಶವನ್ನು ತಾನೇ ಸರಿಯಾದ ಅಳತೆಗೆ ಕತ್ತರಿಸಿ ಕಳಿಸುತ್ತದೆ. ಮುಗಿಯಿತು. ಸಿಪ್‌ನ ನಿಯಮ ಹೇಳುವ 2002ರ ಆರ್‌ಎಫ್‌ಸಿ 3261ರಲ್ಲೇ ಬರೆದಿದೆ: ದಾರಿಯ ಅಳತೆ ಗೊತ್ತಿಲ್ಲದಿದ್ದರೆ, 1300 ಬೈಟ್ ಮೀರಿದರೆ ಯುಡಿಪಿ ಬೇಡ ಎಂದು. ಓದುವವರು ಯಾರು?

ಪ್ಯಾಕೆಟ್‌ಮನೆ
ಈ ಕೇಸಿಗೆ ಒಂದು ಚಪ್ಪಾಳೆ. ನಮ್ಮಲ್ಲಿ ಇದೇ ಕಾಯಿಲೆ ಇತ್ತು. ಆದರೆ ನಾವು ಫೈರ್‌ವಾಲ್ ಬದಲಿಸಿದೆವು, ಕಾರಣ ಗೊತ್ತಿಲ್ಲದೆ. ಹೋಯಿತು. ಈಗ ಗೊತ್ತಾಯಿತು ಯಾಕೆ ಹೋಯಿತು ಅಂತ.

ರಾತ್ರಿಪಾಳಿ
ಹಳೆಯದೂ ಹೊಸದೂ ಜೊತೆಗೆ ಓಡುವಾಗ ಇನ್ನೊಂದು ಗುಂಡಿ ಇದೆ, ರಿಲೀಸ್ ಕೋಡ್‌ಗಳು, ಅಂದರೆ ಕರೆ ಯಾಕೆ ಬಿತ್ತು ಎಂದು ಹೇಳುವ ಸಂಖ್ಯೆಗಳು. ಹಳೇ ಸ್ವಿಚ್‌ಗೆ 34 ಬಂದರೆ ‘ಸರ್ಕ್ಯೂಟ್ ಖಾಲಿಯಿಲ್ಲ, ಬೇರೆ ದಾರಿ ನೋಡು’ ಎಂದು ಅರ್ಥ. ಅದು ಸಿಪ್‌ಗೆ ಹೋದರೆ 503 ಆಗುತ್ತದೆ. ಮತ್ತೆ ಎಸ್‌ಎಸ್7 ಗೆ ಬಂದರೆ 503 ಎನ್ನುವುದು 34 ಆಗುವುದಿಲ್ಲ, 41 ಆಗುತ್ತದೆ, ‘ತಾತ್ಕಾಲಿಕ ದೋಷ’. ಹೋದವನು ಒಬ್ಬ, ಬಂದವನು ಇನ್ನೊಬ್ಬ. 34ಕ್ಕೆ ಮಾತ್ರ ದಾರಿ ಬದಲಿಸು ಎಂದು ಬರೆದಿಟ್ಟ ಹಳೇ ಸ್ವಿಚ್ 41 ನೋಡಿ ಸುಮ್ಮನೆ ಕರೆ ಬಿಡುತ್ತದೆ. ಬೇರೆ ದಾರಿ ಖಾಲಿ ಬಿದ್ದಿರುತ್ತದೆ, ಗ್ರಾಹಕನಿಗೆ ಎಂಗೇಜ್. ಸಿಪ್ ಮೆಸೇಜಿನಲ್ಲಿ ರೀಸನ್ ಹೆಡರ್ ಹಾಕಿ ಮೂಲ ಕೋಡನ್ನು ಜೊತೆಗೇ ಒಯ್ಯಿರಿ.

ಕುತೂಹಲಿ
ನಮ್ಮ ಮನೆಯಲ್ಲಿ ಫೋನ್ ಬದಲಾಯಿಸಿದ ಮೇಲೆ ನಂಬರ್ ಒತ್ತಿ ಮುಗಿದ ಮೇಲೂ ಮೂರು ನಾಲ್ಕು ಸೆಕೆಂಡ್ ಏನೂ ಆಗುವುದಿಲ್ಲ. ಅದೂ ಇದೇನಾ?

ಹಳೇತಂತಿ
ಅದು ಬೇರೆ. ಹಳೇ ಸ್ವಿಚ್ ನೀವು ಒತ್ತುತ್ತಿದ್ದ ಹಾಗೆಯೇ ಒಂದೊಂದು ಅಂಕಿಯನ್ನೂ ಮುಂದಕ್ಕೆ ಕಳಿಸಬಲ್ಲದು. ಸಿಪ್ ಸಾಮಾನ್ಯವಾಗಿ ಪೂರ್ತಿ ನಂಬರ್ ಕೈಗೆ ಬಂದ ಮೇಲೇ ಹೊರಡುತ್ತದೆ. ಇನ್ನೂ ಅಂಕಿ ಬರುತ್ತದೋ ಎಂದು ಡಬ್ಬಿ ಕಾಯುತ್ತಿದೆ. ಕೊನೆಗೆ ಹ್ಯಾಶ್ ಒತ್ತಿ ನೋಡಿ, ತಕ್ಷಣ ಹೋಗುತ್ತದೆ. ನಿಜವಾದ ಪರಿಹಾರ ಕಂಪನಿಯವರು ಡಿಜಿಟ್ ಮ್ಯಾಪ್, ಅಂದರೆ ಯಾವ ನಂಬರಿಗೆ ಎಷ್ಟು ಅಂಕಿ ಎಂಬ ಪಟ್ಟಿ, ಸರಿಯಾಗಿ ಬರೆಯುವುದು.

ಕುತೂಹಲಿ
ಹ್ಯಾಶ್ ಒತ್ತಿದೆ. ಹೋಯಿತು! ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಬಿಲ್ಲುಬಾಣ
ನಮ್ಮ ಹಿರಿಯ ಗ್ರಾಹಕರೊಬ್ಬರ ದೂರು ನನಗೆ ಮರೆಯುವುದಿಲ್ಲ. ‘ನಡುನಡುವೆ ಲೈನ್ ಸಾಯುತ್ತದೆ.’ ಪರೀಕ್ಷೆ ಮಾಡಿದರೆ ಏನೂ ಇಲ್ಲ. ಆಮೇಲೆ ಗೊತ್ತಾಯಿತು, ಆ ಕಡೆಯವರು ಸುಮ್ಮನಿದ್ದಾಗ ಸೈಲೆನ್ಸ್ ಸಪ್ರೆಶನ್ ಪ್ಯಾಕೆಟ್ ಕಳಿಸುವುದನ್ನೇ ನಿಲ್ಲಿಸುತ್ತಿತ್ತು. ಹಳೇ ಲೈನಿನ ಆ ಸಣ್ಣ ‘ಸ್ಸ್’ ಇಲ್ಲ. ಪೂರ್ತಿ ಮೌನ ಬಂದರೆ ಅವರು ‘ಹಲೋ ಹಲೋ’ ಎಂದು ಕೂಗಿ ಫೋನ್ ಇಡುತ್ತಿದ್ದರು. ಬೇಕೆಂದೇ ಸ್ವಲ್ಪ ಗದ್ದಲ ಸೇರಿಸಿದೆವು, ಕಂಫರ್ಟ್ ನಾಯ್ಸ್. ‘ಈಗ ಸರಿಯಾಯಿತು, ಲೈನ್ ರಿಪೇರಿ ಮಾಡಿದ್ದಕ್ಕೆ ಥ್ಯಾಂಕ್ಸ್’ ಎಂದರು.

ಫೈಬರ್‌ಪ್ರಿಯ
ಲಕ್ಷಾಂತರ ಖರ್ಚು ಮಾಡಿ ಸದ್ದಿಲ್ಲದ ಜಾಲ ಕಟ್ಟಿ, ಆಮೇಲೆ ಅದರೊಳಗೆ ಸುಳ್ಳು ಸದ್ದು ಹಾಕುವುದು. ಚೆನ್ನಾಗಿದೆ ನಿಮ್ಮ ಕ್ಷೇತ್ರ.

ಮೂವತ್ತೊಂದನೇಕರೆ
ಈ ಕ್ಷೇತ್ರ ಶುರುವಾದದ್ದೇ ಹಾಗೆ. ಆಟೋಮ್ಯಾಟಿಕ್ ಎಕ್ಸ್‌ಚೇಂಜ್‌ಗೆ 1891ರಲ್ಲಿ ಪೇಟೆಂಟ್ ಪಡೆದ ಸ್ಟ್ರೌಜರ್ ಇಂಜಿನಿಯರ್ ಅಲ್ಲ, ಶವಸಂಸ್ಕಾರದ ವ್ಯಾಪಾರಿ. ಆಪರೇಟರ್ ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಗೆ ತಿರುಗಿಸುತ್ತಾಳೆ ಎಂಬ ಸಿಟ್ಟಿಗೆ ಆಪರೇಟರೇ ಬೇಡದ ಯಂತ್ರ ಮಾಡಿದ ಎಂಬ ಕಥೆ ಇದೆ.

ಕುತೂಹಲಿ
ಹೆಣ ಹೊರುವವನು ಎಕ್ಸ್‌ಚೇಂಜ್ ಹುಟ್ಟಿಸಿದ, ಈಗ ಅದರ ಹೆಣ ಹೊರುವವರು ನೀವು.

ಸ್ವಿಚ್‌ರೂಮ್
ಕುತೂಹಲಿ, ಈ ಮಾತು ನಮ್ಮ ಮ್ಯಾನೇಜರ್‌ಗೆ ಹೇಳುವುದಿಲ್ಲ.

ವಿಷಯಕ್ಕೆ ಬರೋಣ. ಮೂರು ವಾರ ಕಾಣೆಯಾಗಿದ್ದೆ, ಕ್ಷಮಿಸಿ. ಪಟ್ಟಿ ಮಾಡುತ್ತಾ ಕೂತಿದ್ದೆ. ಮೊದಲ ಎಕ್ಸ್‌ಚೇಂಜ್ ಚಿಕ್ಕದು. ಅದರ ಲೈನ್‌ಗಳನ್ನು ಮೂರು ಕಡೆ ಎಣಿಸಿದೆ: ಸ್ವಿಚ್‌ನ ಡೇಟಾ, ಬಿಲ್ಲಿಂಗ್, ಎಂಡಿಎಫ್‌ನ ರಟ್ಟಿನ ಕಾರ್ಡ್. ಮೂರೂ ಮೂರು ಸಂಖ್ಯೆ ಹೇಳುತ್ತವೆ. ಸ್ವಿಚ್‌ನಲ್ಲಿ ಜೀವಂತ ಇದ್ದು ಬಿಲ್ ಹೋಗದ ಲೈನ್‌ಗಳಿವೆ. ಬಿಲ್ ಹೋಗುತ್ತಿದ್ದು ತಂತಿಯೇ ಇಲ್ಲದವೂ ಇವೆ. ಅವರು ಪಾಪ ಕಟ್ಟುತ್ತಲೇ ಇದ್ದಾರೆ.

ಬಿಲ್ಲುಬಾಣ
ಅವರ ಪಟ್ಟಿ ನಿಮ್ಮ ಬಿಲ್ಲಿಂಗ್‌ನವರಿಗೆ ಇವತ್ತೇ ಕೊಡಿ. ದುಡ್ಡು ವಾಪಸ್ ಕೊಡಬೇಕು ಎಂದು ನೀವೇ ಕಂಡುಹಿಡಿದರೆ ಒಂದು ಮುಜುಗರ. ಗ್ರಾಹಕರೇ ಕಂಡುಹಿಡಿದರೆ ಬೇರೆಯೇ ಮುಜುಗರ.

ಹಳೇತಂತಿ
ಬಿಲ್ ಹೋಗದ ಜೀವಂತ ಲೈನ್‌ಗಳನ್ನು ‘ಕಳ್ಳ ಲೈನ್’ ಎಂದು ಕತ್ತರಿಸಬೇಡಿ. ನಮ್ಮ ಕಾಲದಲ್ಲಿ ಪೊಲೀಸ್ ಹಾಟ್‌ಲೈನ್, ರೈಲ್ವೆ ಗೇಟ್, ನೀರಿನ ಟ್ಯಾಂಕಿನ ಅಲಾರಂ, ಎಲ್ಲವನ್ನೂ ಬಾಯಿಮಾತಿನಲ್ಲೇ ಕೊಡುತ್ತಿದ್ದೆವು. ಬರೆದಿಟ್ಟವರು ಕಡಿಮೆ. ಒಂದೊಂದಕ್ಕೂ ಟೋನ್ ಜನರೇಟರ್ ಹಾಕಿ, ಇನ್ನೊಂದು ತುದಿ ಎಲ್ಲಿದೆ ಎಂದು ಕಾಲ್ನಡಿಗೆಯಲ್ಲಿ ಹುಡುಕಿ. ಬೇಜಾರಿನ ಕೆಲಸ. ಆದರೆ ಇದೇ ಕೆಲಸ.

ಪ್ಯಾಕೆಟ್‌ಮನೆ
ತುರ್ತು ಕರೆಯ ವಿಳಾಸವನ್ನೂ ಇದೇ ಸುತ್ತಿನಲ್ಲಿ ಸರಿ ಮಾಡಿಕೊಳ್ಳಿ. ತಾಮ್ರದಲ್ಲಿ ನಂಬರ್ ಎಂದರೆ ಮನೆ. ಎಟಿಎ ಆದರೆ ಗ್ರಾಹಕ ಅದನ್ನು ಚೀಲದಲ್ಲಿ ಹಾಕಿಕೊಂಡು ಮಗಳ ಮನೆಗೆ ಹೋಗುತ್ತಾನೆ, ನಂಬರ್ ಅಲ್ಲೂ ನಡೆಯುತ್ತದೆ. ಆಂಬುಲೆನ್ಸ್ ಮಾತ್ರ ಹಳೇ ಮನೆಗೆ ಹೋಗುತ್ತದೆ.

ಮೂವತ್ತೊಂದನೇಕರೆ
ಕರೆಂಟ್ ಹೋಗಿ ಬಂದ ಮೇಲಿನ ಐದು ನಿಮಿಷಕ್ಕೂ ತಯಾರಿರಿ. ಎಟಿಎಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ರಿಜಿಸ್ಟರ್ ಮಾಡಲು ನುಗ್ಗುತ್ತವೆ. ಸರ್ವರ್ ಉಸಿರುಗಟ್ಟಿ ಉತ್ತರ ಕೊಡುವುದಿಲ್ಲ. ಉತ್ತರ ಬರಲಿಲ್ಲ ಎಂದು ಅವೆಲ್ಲ ಮತ್ತೆ ನುಗ್ಗುತ್ತವೆ. ಒಂದೊಂದು ಡಬ್ಬಿಯೂ ಬೇರೆ ಬೇರೆ ಹೊತ್ತು ಕಾದು ಎದ್ದೇಳುವ ಹಾಗೆ ಸೆಟ್ ಮಾಡಿ.

ಸ್ವಿಚ್‌ರೂಮ್
ವರದಿ. ಮೊದಲು ಟ್ರಂಕ್‌ಗಳನ್ನು ಸರಿಸಿದೆವು, ರಾತ್ರಿಪಾಳಿ ಹೇಳಿದ ಹಾಗೆ. ಒಂದು ವಾರ ಎರಡೂ ದಾರಿ ಓಡಿತು. 34-503-41 ನಮ್ಮಲ್ಲೂ ಸಿಕ್ಕಿತು, ಎರಡನೇ ದಿನವೇ. ಗೊತ್ತಿದ್ದರಿಂದ ಹತ್ತು ನಿಮಿಷದ ಕೆಲಸ.

ಗ್ರಾಹಕರ ಲೈನ್ ನಿನ್ನೆ ರಾತ್ರಿ. ಎಂಎಸ್‌ಎಎನ್‌ಗೇ ಒಪ್ಪಿಸಿದೆವು, ಫೈಬರ್‌ಪ್ರಿಯ ಬೇಜಾರು ಮಾಡಿಕೊಳ್ಳಬೇಡಿ. ಹೊಸ ಬ್ಲಾಕಿಗೆ ತಂತಿಗಳನ್ನು ಹಗಲಲ್ಲೇ ಸಮಾನಾಂತರವಾಗಿ ಎಳೆದಿಟ್ಟಿದ್ದೆವು. ಒಂದು ಗಂಟೆಗೆ ಹಳೇ ಕಡೆಯ ಪಿನ್‌ಗಳನ್ನು ಸಾಲುಸಾಲಾಗಿ ಕಿತ್ತೆವು. ನಡೆಯುತ್ತಿದ್ದ ಕರೆ ಎರಡು. ಒಂದು ಮುಗಿಯುವ ತನಕ ಕಾದೆವು. ಇನ್ನೊಂದು ಮುಗಿಯುವ ಲಕ್ಷಣವೇ ಇರಲಿಲ್ಲ, ಮುಕ್ಕಾಲು ಗಂಟೆ ಆಗಿತ್ತು. ಯಾರೋ ಪ್ರೀತಿಸುತ್ತಿರಬೇಕು ಎಂದುಕೊಂಡೆವು. ಆಮೇಲೆ ನೋಡಿದರೆ ಅದು ರಿಸೀವರ್ ಸರಿಯಾಗಿ ಇಡದ ಲೈನ್.

ಕೊನೆಯ ಪಿನ್ ಕಿತ್ತಾಗ ಹಳೇ ಸ್ವಿಚ್‌ನ ಅಲಾರಂ ಬೋರ್ಡಿನಲ್ಲಿ ಕೆಂಪು ದೀಪಗಳು ಒಂದಾದ ಮೇಲೊಂದು ಹತ್ತಿಕೊಂಡವು. ಬಜರ್ ಹೊಡೆದುಕೊಂಡಿತು. ಮೂವತ್ತು ವರ್ಷ ಅದನ್ನು ನೋಡಿಕೊಂಡ ನಮ್ಮ ಸೀನಿಯರ್ ಟೆಕ್ನಿಷಿಯನ್ ಅಭ್ಯಾಸಬಲದಿಂದ ಎದ್ದು ಹೋಗಿ ಅಕ್ನಾಲೆಜ್ ಬಟನ್ ಒತ್ತಿ ಬಂದರು.

ಬೆಳಗ್ಗೆ ಬಂದ ದೂರು ಒಂಬತ್ತು. ಆರು ಲೈನ್ ಅದಲುಬದಲು. ಎರಡು ಹಳೇ ಡಯಲ್ ತಿರುಗಿಸುವ ಫೋನ್‌ಗಳು, ಪಲ್ಸ್ ಡಯಲಿಂಗ್ ಕಾರ್ಡಿನಲ್ಲಿ ಆನ್ ಮಾಡಿರಲಿಲ್ಲ. ಒಂದು ಲಿಫ್ಟ್‌ನೊಳಗಿನ ತುರ್ತು ಫೋನ್. ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಹಳೇತಂತಿ
ಲಿಫ್ಟ್‌ನಲ್ಲಿ ಯಾರೂ ಸಿಕ್ಕಿಹಾಕಿಕೊಂಡಿರಲಿಲ್ಲ ತಾನೇ?

ಸ್ವಿಚ್‌ರೂಮ್
ಇಲ್ಲ. ತಿಂಗಳ ತಪಾಸಣೆಗೆ ಬಂದವರು ಗುಂಡಿ ಒತ್ತಿ ನೋಡಿದ್ದಾರೆ, ಅದೃಷ್ಟ. ಎರಡನೇ ಎಕ್ಸ್‌ಚೇಂಜ್ ಮುಂದಿನ ತಿಂಗಳು, ಅಲ್ಲಿ ಎತ್ತರದ ಕಟ್ಟಡಗಳೇ ಜಾಸ್ತಿ. ಲಿಫ್ಟ್ ಕಂಪನಿಗಳಿಗೆಲ್ಲ ಪಟ್ಟಿ ಕೇಳಿ ಪತ್ರ ಬರೆದಿದ್ದೇನೆ. ಒಬ್ಬರು ಉತ್ತರ ಕಳಿಸಿದ್ದಾರೆ, ಫ್ಯಾಕ್ಸ್‌ನಲ್ಲಿ.

ಫ್ಯಾಕ್ಸ್‌ಬಂಧು
ಎಷ್ಟು ಪುಟ ಬಂತು?